ಆವರ್ತವೂ ಜೋಡಣೆಯೂ: ಗಣಕಯಂತ್ರದಲ್ಲಿ ಸಂಗೀತ

ಗಣಕಯಂತ್ರದಲ್ಲಿ ಸಂಗೀತವನ್ನು ಅಳವಡಿಸಲು ಬೆಲೆಬಾಳುವ ಸಾಧನಗಳೇ ಬೇಕೆಂದು ನಮ್ಮ ವಿದ್ಯಾರ್ಥಿಗಳಲ್ಲಿ ಅನೇಕರು ಭಾವಿಸಿರುವರು. ಹಾಗೇನೂ ಇಲ್ಲ. ಬರಿಯ ಅಕ್ಷರಗಳಲ್ಲಿ ಆಜ್ಞೆಗಳನ್ನು ಬರೆದು ಈ ಕೆಲಸವನ್ನು ಹಳೆಯ ಯಂತ್ರದಲ್ಲಿಯೂ ಸಾಧಿಸಬಹುದು. ಹಣ ತೆರದೆ ದೊರೆಯುವ 'ಮಿಡಿಷ್' ಎಂಬ ಸೀಕ್ವೆನ್ಸರು ಈ ಬಗೆಯದು. ವಾದ್ಯವನ್ನು ಕೊಳ್ಳಲಾರದ ಮನೆಯ ಮಕ್ಕಳಿಗೂ ಈ ವಿದ್ಯೆ ದಕ್ಕಬೇಕೆಂಬುದೇ ನಮ್ಮ ಆಶಯ.

1983ರಲ್ಲಿ ಬಳಕೆಗೆ ಬಂದ ಮಿಡಿ ಪದ್ಧತಿಯಲ್ಲಿ ಸಾಗುವುದು ಧ್ವನಿಯಲ್ಲ, ಆದೇಶ. 'ಈ ಸ್ವರವನ್ನು ಆರಂಭಿಸು', 'ಈ ಸ್ವರವನ್ನು ನಿಲ್ಲಿಸು' ಎಂಬವೇ ಅವುಗಳಲ್ಲಿ ಮುಖ್ಯವಾದವು. ಸ್ವರಗಳಿಗೆ 0ಯಿಂದ 127ರ ವರೆಗೆ ಸಂಖ್ಯೆಗಳುಂಟು. ಒಂದೊಂದು ವಾದ್ಯದ ಆದೇಶಗಳನ್ನು ಒಂದೊಂದು ಟ್ರ್ಯಾಕಿನಲ್ಲಿ ಬರೆದಿಡುತ್ತೇವೆ. ಆದೇಶದಂತೆ ನಾದವನ್ನು ಹೊರಡಿಸುವ ಕೆಲಸವು ಮಿಡಿ ವಾದ್ಯದ್ದು, ಇಲ್ಲವೆ ಯಂತ್ರದೊಳಗಿನ ಬೇರೊಂದು ತಂತ್ರಾಂಶದ್ದು.

ಪುನರಾವೃತ್ತಿಯು ಎರಡು ಬಗೆ. ಆರಿಸಿದ ಭಾಗವನ್ನು ಮತ್ತೆ ಮತ್ತೆ ನುಡಿಸಿ ಕೇಳುವುದು ಆವರ್ತ. ಇದು ಪರೀಕ್ಷೆಗೆ ಒದಗುತ್ತದೆ. ಆ ಭಾಗವನ್ನೇ ಬೇಕಾದ ಸ್ಥಾನಗಳಲ್ಲಿ ಪ್ರತಿಮಾಡಿ ಇಡುವುದು ಜೋಡಣೆ. ಹಾಡು ರೂಪುಗೊಳ್ಳುವುದು ಇದರಿಂದ. ಮೊದಲು ಆವರ್ತದಲ್ಲಿ ಕೇಳಿ, ತಿದ್ದಿ, ಅನಂತರ ಜೋಡಿಸುವುದು ಉಚಿತ.

ಒಂದು ಉದಾಹರಣೆಯನ್ನು ನೋಡೋಣ. ತಾಳವಾದ್ಯದ ಟ್ರ್ಯಾಕಿನಲ್ಲಿ 4 ಅಳತೆಗಳ ನಡೆಯೊಂದಿದೆ. ಒಂದೊಂದು ಅಳತೆಗೆ 4 ಪೆಟ್ಟು. ಮಿಡಿಷ್ ಅಳತೆಗಳನ್ನು 0ಯಿಂದ ಎಣಿಸುವುದರಿಂದ ಈ ನಡೆಯು 0, 1, 2, 3ನೆಯ ಸ್ಥಾನಗಳನ್ನು ಆಕ್ರಮಿಸುತ್ತದೆ. ರೋಮನ್ ಲಿಪಿಯಲ್ಲಿ ಬರೆಯಬೇಕಾದ ಆಜ್ಞೆಗಳ ಉಚ್ಚಾರವನ್ನು ಇಲ್ಲಿ ಕೊಟ್ಟಿದ್ದೇವೆ. 'ಜಿ 0' ಎಂದರೆ ಆರಂಭಕ್ಕೆ ಹೋಗು. 'ಸೆಲ್ 4' ಎಂದರೆ 4 ಅಳತೆಗಳನ್ನು ಆರಿಸು. 'ಟಿ-ಕಾಪಿ' ಎಂದರೆ ಪ್ರತಿಮಾಡು. ಬಳಿಕ 'ಜಿ 4' ಎಂದು ಬರೆದು 'ಟಿ-ಪೇಸ್ಟ್' ಎಂದರೆ ಪ್ರತಿಯು 4ನೆಯ ಸ್ಥಾನದಲ್ಲಿ ಕೂಡುತ್ತದೆ. 1ರಿಂದ ಎಣಿಸುವ ರೂಢಿಯಂತೆ 5 ಎಂದು ಬರೆದರೆ ನಡುವೆ ಒಂದು ಅಳತೆ ಬರಿದಾಗಿ ಉಳಿಯುವುದು. ಹಾಡುವವರು ತಪ್ಪಿದರೆ ಪಕ್ಕವಾದ್ಯದವರು ಕಾಯುವರು, ಯಂತ್ರವು ಕಾಯದು. ಅಲ್ಲಿ ಮೇಳವೆಲ್ಲ ತಾಳ ತಪ್ಪುವುದು.

ಕೊಳಲಿನ ನಡೆಯು 3 ಅಳತೆಗಳದಾದರೆ ಎರಡೂ ಒಟ್ಟಿಗೆ ಮುಗಿಯುವುದೆಲ್ಲಿ? ಗಣಿತದ ತರಗತಿಯಲ್ಲಿ ಕಲಿತ ಲ.ಸಾ.ಅ. ಇಲ್ಲಿ ನೆರವಿಗೆ ಬರುವುದು. 4 ಮತ್ತು 3ರ ಲ.ಸಾ.ಅ. 12. ತಾಳದ ನಡೆಯನ್ನು 0, 4, 8ರಲ್ಲಿಯೂ ಕೊಳಲಿನದನ್ನು 0, 3, 6, 9ರಲ್ಲಿಯೂ ಇಟ್ಟು 12 ಅಳತೆಗಳನ್ನು ಆವರ್ತಿಸಿದರೆ ಎಲ್ಲಿಯೂ ಒಡಕು ಕಾಣದು. ನಿಮಿಷಕ್ಕೆ 120 ಪೆಟ್ಟುಗಳಂತೆ ಇದು 24 ಸೆಕೆಂಡುಗಳ ಸುತ್ತು.

ಆವರ್ತದ ಅಂಚನ್ನೂ ಪರೀಕ್ಷಿಸಬೇಕು. ಸ್ವರದ ಆರಂಭವು ಅಂಚಿನ ಒಳಗೂ ಅದನ್ನು ನಿಲ್ಲಿಸುವ ಆದೇಶವು ಹೊರಗೂ ಬಿದ್ದರೆ ಆ ಸ್ವರವು ನಿಲ್ಲದೆ ಎಳೆಯುವ ಸಂಭವವುಂಟು. ಉತ್ತಮ ಸೀಕ್ವೆನ್ಸರುಗಳು ಇದನ್ನು ತಾವೇ ಸರಿಪಡಿಸುವವು. ಆದರೂ ಸ್ವರವನ್ನು ಅಂಚಿನೊಳಗೇ ಮುಗಿಸುವುದು ಲೇಸು.

ಅಭ್ಯಾಸ: ತಾಳದ ನಡೆ 6 ಅಳತೆ, ಕೊಳಲಿನದು 4 ಅಳತೆ. ಇವೆರಡರ ಪ್ರತಿಗಳನ್ನು ಯಾವ ಯಾವ ಸ್ಥಾನಗಳಲ್ಲಿ ಇಡಬೇಕು? ಮೊದಲು ಕಾಗದದ ಮೇಲೆ ಬರೆದು, ಕೈಯಲ್ಲಿ ತಾಳ ಹಾಕಿ ನೋಡಿ, ಅನಂತರವೇ ಯಂತ್ರದ ಮುಂದೆ ಕುಳಿತುಕೊಳ್ಳಿರಿ.