ಕಡಲಾಮೆಯ ಮರಿಗಳೂ ಕಡಲತೀರದ ದೀಪಗಳೂ

ದೀಪವು ದಾರಿ ತೋರುವುದೆಂಬುದು ನಮ್ಮೆಲ್ಲರ ಅನುಭವ. ಆದರೆ ಆಗತಾನೆ ಮೊಟ್ಟೆಯೊಡೆದು ಬಂದ ಕಡಲಾಮೆಯ ಮರಿಗೆ ಅದೇ ದೀಪವು ದಾರಿ ತಪ್ಪಿಸಿ ಪ್ರಾಣವನ್ನೇ ಕಳೆಯಬಲ್ಲುದು. ಇದು ಹೇಗೆಂಬುದನ್ನೂ ಇದಕ್ಕೆ ಪರಿಹಾರವೇನೆಂಬುದನ್ನೂ ಅಮೆರಿಕದ ಫ್ಲಾರಿಡಾ ರಾಜ್ಯದ ಉದಾಹರಣೆಯಿಂದ ತಿಳಿಯೋಣ.

ಲಾಗರ್‌ಹೆಡ್ ಎಂಬ ಜಾತಿಯ ಕಡಲಾಮೆಗಳು ಜಗತ್ತಿನಲ್ಲಿ ಅತ್ಯಧಿಕವಾಗಿ ಮೊಟ್ಟೆಯಿಡುವ ಸ್ಥಳಗಳಲ್ಲಿ ಫ್ಲಾರಿಡಾದ ಮರಳುದಂಡೆಯೂ ಒಂದು. ಬೇಸಗೆಯ ರಾತ್ರಿಗಳಲ್ಲಿ ಹೆಣ್ಣಾಮೆಯು ದಡವೇರಿ, ಗುಳಿ ತೋಡಿ, ಸುಮಾರು 100 ಮೊಟ್ಟೆಗಳನ್ನಿಟ್ಟು, ಮರಳು ಮುಚ್ಚಿ ಕಡಲಿಗೆ ಹಿಂದಿರುಗುವುದು. ಮರಿಗಳ ಮುಖವನ್ನು ಅದು ಎಂದೂ ನೋಡುವುದಿಲ್ಲ. ಸುಮಾರು ಎರಡು ತಿಂಗಳಾದ ಮೇಲೆ ಮರಿಗಳು, ಸಾಮಾನ್ಯವಾಗಿ ಇರುಳಿನಲ್ಲಿಯೇ, ಮರಳಿನಿಂದ ಮೇಲೆದ್ದು ಬರುವುವು. ದಾರಿ ತೋರಲು ತಾಯಿಯಿಲ್ಲ. ಹಾಗಾದರೆ ಕಡಲು ಯಾವ ಕಡೆಗಿದೆಯೆಂದು ಅವು ಅರಿಯುವುದೆಂತು?

ಚಂದ್ರ ನಕ್ಷತ್ರಗಳ ಬೆಳಕನ್ನು ಪ್ರತಿಫಲಿಸುವ ಕಡಲಿನ ದಿಗಂತವು ಇರುಳಿನಲ್ಲಿ ಮಸುಕಾಗಿ ಬೆಳಗುತ್ತಿರುವುದು. ನೆಲದ ಕಡೆಯಲ್ಲಾದರೋ ಮರಳದಿಬ್ಬಗಳೂ ಗಿಡಮರಗಳೂ ಕಪ್ಪು ಗೋಡೆಯಂತೆ ನಿಂತಿರುವುವು. ಮರಿಯು ಎತ್ತರದ ಕತ್ತಲೆಗೆ ಬೆನ್ನು ಮಾಡಿ, ತಗ್ಗಿನ ಬೆಳಕಿನತ್ತ ಸಾಗುವುದು. ಯುಗಯುಗಗಳಿಂದ ಈ ಕ್ರಮವು ಅವನ್ನು ನೀರಿಗೆ ಮುಟ್ಟಿಸಿದೆ. ಆದರೆ ದಂಡೆಯ ಹಿಂದೆ ಹೋಟೆಲುಗಳ ದೀಪಗಳು ಉರಿದರೆ ನೆಲವೇ ಕಡಲಿಗಿಂತ ಬೆಳ್ಳಗಾಗುವುದು. ಆಗ ಮರಿಗಳು ಬೀದಿಯತ್ತ ತೆವಳಿ ವಾಹನಗಳಿಗೆ ಸಿಕ್ಕಿಯೋ, ಏಡಿ ಹಕ್ಕಿಗಳಿಗೆ ತುತ್ತಾಗಿಯೋ, ಹಗಲಾದೊಡನೆ ಬಿಸಿಲಿಗೆ ಒಣಗಿಯೋ ಸಾಯುವುವು.

ಇದನ್ನು ತಡೆಯಲು ಫ್ಲಾರಿಡಾ ರಾಜ್ಯವು 1993ರಲ್ಲಿ ಒಂದು ಮಾದರಿ ದೀಪನಿಯಮವನ್ನು ಹೊರಡಿಸಿತು. ಹಲವು ಕೌಂಟಿಗಳೂ ನಗರಗಳೂ ಇಂಥ ನಿಯಮಗಳನ್ನು ತಮ್ಮ ಕಾನೂನಾಗಿ ಮಾಡಿಕೊಂಡಿವೆ. ಇವುಗಳ ತತ್ತ್ವಗಳು ಮೂರು. ಮೊದಲನೆಯದು, ದೀಪವು ತಗ್ಗಿನಲ್ಲಿದ್ದು ಅವಶ್ಯವಿದ್ದಷ್ಟೇ ಬೆಳಗಬೇಕು. ಎರಡನೆಯದು, ಅದಕ್ಕೆ ಮರೆಯಿರಬೇಕು. ದಂಡೆಯ ಮೇಲೆ ನಿಂತವನಿಗೆ ಉರಿಯುವ ಬಲ್ಬು ಕಾಣಬಾರದು. ಮೂರನೆಯದು, ಬೆಳಕಿನ ಬಣ್ಣ. ಮರಿಗಳನ್ನು ಹೆಚ್ಚಾಗಿ ಸೆಳೆಯುವುದು ನೀಲಿ ಹಸಿರು ಬೆಳಕು. ಆದುದರಿಂದ 560 ನ್ಯಾನೊಮೀಟರಿಗಿಂತ ಹೆಚ್ಚಿನ ತರಂಗಾಂತರವುಳ್ಳ ಹಳದಿಗೆಂಪು ಅಥವಾ ಕೆಂಪು ದೀಪಗಳನ್ನು ಬಳಸುವರು. ಸ್ಥಳಾನುಸಾರವಾಗಿ ಮಾರ್ಚ್ ಇಲ್ಲವೆ ಮೇ ತಿಂಗಳಿನಿಂದ ಅಕ್ಟೋಬರ್ ಕೊನೆಯವರೆಗೆ ಈ ಕಟ್ಟುಪಾಡು ನಡೆಯುವುದು.

ಮನುಷ್ಯನು ಕತ್ತಲೆಯಲ್ಲಿ ಬಾಳಬೇಕೆಂದು ಈ ನಿಯಮವು ಹೇಳುವುದಿಲ್ಲ. ಮೆಟ್ಟಿಲಿಗೆ ಬೇಕಾದ ಬೆಳಕು ಮೆಟ್ಟಿಲ ಮೇಲೆಯೇ ಬೀಳಲಿ, ದಂಡೆಗೆ ಚೆಲ್ಲದಿರಲಿ ಎಂಬುದಿಷ್ಟೇ ಅದರ ಆಶಯ. ನಮ್ಮ ಉತ್ತರ ಕನ್ನಡ, ಉಡುಪಿ ಜಿಲ್ಲೆಗಳ ತೀರಕ್ಕೂ ಆಲಿವ್ ರಿಡ್ಲಿ ಕಡಲಾಮೆಗಳು ಮೊಟ್ಟೆಯಿಡಲು ಬರುತ್ತವೆ. ಕರಾವಳಿಯ ವಿದ್ಯಾರ್ಥಿಗಳು ಒಂದು ಇರುಳು ಹಿರಿಯರೊಡನೆ ದಂಡೆಯಲ್ಲಿ ನಿಂತು ಸುತ್ತಲೂ ನೋಡಲಿ: ಹೆಚ್ಚು ಬೆಳಗುವುದು ಕಡಲೋ, ಊರೋ?