ಬಿಗಿದ ಮುಷ್ಟಿ ತಡವಾಗಿ ಬಿಚ್ಚಿದರೆ: ಅನುವಂಶೀಯತೆ ಘಟಕಕ್ಕೊಂದು ಪಾಠ

ಹತ್ತನೆಯ ತರಗತಿಯ ಅನುವಂಶೀಯತೆ ಘಟಕಕ್ಕೆ ಬಟಾಣಿ ಗಿಡವೊಂದೇ ಸಾಲದು ಎನ್ನಿಸಿ, ಬೋಧನಾಭ್ಯಾಸದ ಒಂದು ಪಾಠಕ್ಕೆ ನಾನು ಮಯೋಟೋನಿಯಾ ಕಂಜೆನಿಟಾ ಎಂಬ ವಿರಳ ಕಾಯಿಲೆಯನ್ನು ಆರಿಸಿಕೊಂಡೆ. ಇದರಲ್ಲಿ ಸ್ನಾಯು ಸಂಕುಚಿಸುತ್ತದೆ, ಆದರೆ ಸಡಿಲಗೊಳ್ಳಲು ತಡಮಾಡುತ್ತದೆ. ಕುಳಿತವರು ತಟ್ಟನೆ ಎದ್ದು ಹೆಜ್ಜೆಯಿಡಲಾರರು. ನಾಲ್ಕು ಹೆಜ್ಜೆ ನಡೆದ ಮೇಲೆ ಕಾಲು ಹಗುರಾಗುತ್ತದೆ.

ಪೀಠಿಕೆಗೆ ಶ್ಲೆಸ್ವಿಗ್ ಪ್ರಾಂತ್ಯದ ವೈದ್ಯ ಯೂಲಿಯಸ್ ಥಾಮ್ಸೆನ್ ಅವರ ಕಥೆ ಹೇಳಿದೆ. 1876ರಲ್ಲಿ ಅವರು ವಿವರಿಸಿದ್ದು ತಮಗೂ ತಮ್ಮ ಮನೆತನಕ್ಕೂ ಇದ್ದ ಕಾಯಿಲೆಯನ್ನೇ. ಅವರ ಮಗ ಸೈನ್ಯದ ಸೇವೆ ತಪ್ಪಿಸಿಕೊಳ್ಳಲು ನಟಿಸುತ್ತಿದ್ದಾನೆಂಬ ಆರೋಪ ಬಂದದ್ದು ಅದಕ್ಕೊಂದು ಕಾರಣ. ಆಟದ ಪೀರಿಯಡ್ಡಿನಲ್ಲಿ ತಡವಾಗಿ ಓಟ ಆರಂಭಿಸುವ ಮಗುವಿಗೆ ನಾವು "ಸೋಮಾರಿ" ಎನ್ನುವುದಿಲ್ಲವೇ ಎಂದು ಕೇಳಿದಾಗ ತರಗತಿ ಸುಮ್ಮನಾಯಿತು.

ಪಾಠದ ತಿರುಳು ವಂಶವಾಹಿಯದು. ಏಳನೆಯ ವರ್ಣತಂತುವಿನ ಸಿಎಲ್‌ಸಿಎನ್1 ವಂಶವಾಹಿ ಸ್ನಾಯುಕೋಶದ ಕ್ಲೋರೈಡ್ ದ್ವಾರವನ್ನು ರೂಪಿಸುತ್ತದೆ. ಥಾಮ್ಸೆನ್ ಬಗೆಯಲ್ಲಿ ಒಂದು ದೋಷಯುಕ್ತ ಪ್ರತಿ ಸಾಕು. ಬೆಕರ್ ಬಗೆಯಲ್ಲಿ ಎರಡೂ ಪ್ರತಿಗಳು ಕೆಟ್ಟಿರಬೇಕು. ಒಂದೇ ವಂಶವಾಹಿ, ಎರಡು ಅನುವಂಶೀಯ ಕ್ರಮ! ಪ್ರಬಲತೆ ವಂಶವಾಹಿಯ ಗುಣವಲ್ಲ, ಅದರಲ್ಲಾದ ಬದಲಾವಣೆಯ ಗುಣ ಎಂಬ ಸಂಕಲ್ಪಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಈ ದ್ವಾರದ ಪ್ರೋಟೀನುಗಳು ಜೋಡಿಯಾಗಿ ಕೆಲಸ ಮಾಡುತ್ತವೆ. ಕೆಲವು ದೋಷಗಳು ಜೊತೆಗಾರನನ್ನೂ ಕೆಡಿಸುತ್ತವೆ, ಕೆಲವು ಕೆಡಿಸುವುದಿಲ್ಲ.

ಬೋಧನೋಪಕರಣ ಒಂದು ಸ್ಟೀಲ್ ತಟ್ಟೆ, ಒಂದು ಚಮಚ. ತಟ್ಟೆಗೆ ಬಡಿದು ಅಂಗೈ ಇಟ್ಟರೆ ನಾದ ನಿಲ್ಲುತ್ತದೆ. ಆ ಅಂಗೈಯೇ ಕ್ಲೋರೈಡ್. ಅದಿಲ್ಲದಿದ್ದರೆ ಸ್ನಾಯುವಿನ ವಿದ್ಯುತ್ ಮಿಡಿತ ಮುಂದುವರಿಯುತ್ತದೆ. (ಹೋಲಿಕೆ ಪೂರ್ತಿ ಸರಿಯಲ್ಲ: ತಟ್ಟೆಯ ನಾದ ತಾನೇ ಕ್ಷೀಣಿಸುತ್ತದೆ, ಸ್ನಾಯುವಿನಲ್ಲಿ ಹೊಸ ಮಿಡಿತಗಳು ಹುಟ್ಟುತ್ತವೆ. ಇದನ್ನು ಮಕ್ಕಳಿಗೂ ಹೇಳಬೇಕು.)

ರೋಗಪತ್ತೆಯನ್ನು ನನ್ನ ಕೈಯಲ್ಲೇ ತೋರಿಸಿದೆ. ಮುಷ್ಟಿ ಬಿಗಿಹಿಡಿದು ಬಿಡುವುದು, ಹೆಬ್ಬೆರಳ ಬುಡದ ಸ್ನಾಯುವಿನ ಮೇಲೆ ತಟ್ಟುವುದು. ಮತ್ತೆ ಮತ್ತೆ ಮಾಡಿದಾಗ ಸಲೀಸಾದರೆ ಈ ಕಾಯಿಲೆ; ಚಳಿಯಲ್ಲೂ ಪುನರಾವರ್ತನೆಯಲ್ಲೂ ಹೆಚ್ಚಾದರೆ ಸೋಡಿಯಂ ದ್ವಾರದ ದೋಷವಾದ ಪ್ಯಾರಾಮಯೋಟೋನಿಯಾದ ಶಂಕೆ. ಸ್ನಾಯುವಿನೊಳಗೆ ಸೂಜಿಯಿಟ್ಟು ಮಾಡುವ ಇಎಂಜಿಯಲ್ಲಿ ಏರಿಳಿಯುವ ವಿಶಿಷ್ಟ ಸದ್ದು ಕೇಳುತ್ತದೆ. ಖಚಿತಪಡಿಸುವುದು ವಂಶವಾಹಿ ಪರೀಕ್ಷೆ. ಮಕ್ಕಳು ಪರಸ್ಪರ ಪರೀಕ್ಷಿಸಿಕೊಳ್ಳುವ ಚಟುವಟಿಕೆಯನ್ನು ಬೇಕೆಂದೇ ಇಡಲಿಲ್ಲ. ತರಗತಿಯಲ್ಲಿ ಯಾರಿಗೂ ರೋಗದ ಹೆಸರು ಅಂಟಬಾರದು.

ಔಷಧದ ಭಾಗಕ್ಕೆ ಬಂದಾಗ ಹಿಂದಿನ ಬೆಂಚಿನಿಂದ ಪ್ರಶ್ನೆ ಬಂತು: "ಸರ್, ಕೆಟ್ಟಿದ್ದು ಕ್ಲೋರೈಡ್ ಬಾಗಿಲು, ಔಷಧ ಸೋಡಿಯಂ ಬಾಗಿಲಿಗೆ ಯಾಕೆ?" ತಟ್ಟೆಯನ್ನೇ ಮತ್ತೆ ತೋರಿಸಿದೆ. ಅಂಗೈ ಇಡಲಾಗದಿದ್ದರೆ ಚಮಚದ ಬಡಿತವನ್ನಾದರೂ ತಗ್ಗಿಸಬಹುದು. ಹೃದಯದ ಬಡಿತ ತಪ್ಪಿದಾಗ ಕೊಡುತ್ತಿದ್ದ ಮೆಕ್ಸಿಲೆಟಿನ್ ಮಾಡುವುದು ಅದನ್ನೇ. 2012ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಇಂಥ ಕಾಯಿಲೆಗಳ 59 ಮಂದಿಗೆ ನಾಲ್ಕು ವಾರ ಔಷಧ, ನಾಲ್ಕು ವಾರ ಹುಸಿಮಾತ್ರೆ ಕೊಟ್ಟು ನೋಡಿದಾಗ, ಔಷಧದ ವಾರಗಳಲ್ಲಿ ಬಿಗಿತ ಕಡಿಮೆಯಾಗಿತ್ತು. ವಂಶವಾಹಿಯೇನೂ ಸರಿಹೋಗುವುದಿಲ್ಲ. ಹೊಟ್ಟೆಯ ತೊಂದರೆ ಬರಬಹುದು, ಮೊದಲು ಇಸಿಜಿ ಬೇಕು, ಎಲ್ಲರಿಗೂ ಔಷಧ ಬೇಕಾಗುವುದೂ ಇಲ್ಲ. ಶಸ್ತ್ರಚಿಕಿತ್ಸೆಯಿದ್ದರೆ ಅರಿವಳಿಕೆ ವೈದ್ಯರಿಗೆ ಮುಂಚೆಯೇ ತಿಳಿಸಬೇಕು. ಸಕ್ಸಿನೈಲ್‌ಕೋಲಿನ್ ಕೊಟ್ಟರೆ ಸ್ನಾಯುಗಳು ಅಪಾಯಕರವಾಗಿ ಬಿಗಿಯಬಹುದು.

ಬೆಕರ್ ಬಗೆಯ ವಂಶವೃಕ್ಷ ಬರೆಯುವಾಗ ಸೋದರಸಂಬಂಧದ ಮದುವೆಯ ಮಾತು ಬಂದೇ ಬರುತ್ತದೆ. ನಮ್ಮ ಕಡೆ ಹಲವು ಮಕ್ಕಳ ತಂದೆತಾಯಿ ಅಂಥವರೇ. ಆದ್ದರಿಂದ ಸ್ವಂತ ಮನೆಯ ವಂಶವೃಕ್ಷ ಬರೆಸದೆ, ಕಪ್ಪುಹಲಗೆಯ ಮೇಲೆ ಕಲ್ಪಿತ ಕುಟುಂಬವೊಂದನ್ನು ಬರೆದೆ. ದೋಷಯುಕ್ತ ಪ್ರತಿ ಹೊತ್ತೂ ಆರೋಗ್ಯವಾಗಿರುವ ತಂದೆತಾಯಿಯ ಪ್ರತಿ ಮಗುವಿಗೂ ಕಾಯಿಲೆ ಬರುವ ಸಂಭವ ನಾಲ್ಕರಲ್ಲಿ ಒಂದು ಎಂದಾಗ, "ಹಾಗಾದರೆ ಮೊದಲ ಮಗುವಿಗೆ ಬಂದರೆ ಉಳಿದ ಮೂವರಿಗೆ ಬರೋದಿಲ್ವಾ?" ಎಂದು ಹುಡುಗಿಯೊಬ್ಬಳು ಕೇಳಿದಳು. ಮೌಲ್ಯಮಾಪನಕ್ಕೆ ನಾನು ಬರೆದುಕೊಂಡಿದ್ದ ಪ್ರಶ್ನೆಗಳನ್ನು ಬದಿಗಿಟ್ಟು, ಅದನ್ನೇ ಎಲ್ಲರ ಮುಂದಿಟ್ಟೆ. ನಾಲ್ವರು ನಾಣ್ಯ ಚಿಮ್ಮಿ ನೋಡುತ್ತಿರುವಾಗ ಗಂಟೆ ಹೊಡೆಯಿತು.