ಗಣಪನಿಗೆ ಮಣ್ಣು, ಅಚ್ಚಿಗೆ ಪ್ಲಾಸ್ಟರ್

ಚೌತಿಗೆ ಮಕ್ಕಳ ಕೈಯಿಂದಲೇ ಗಣಪನನ್ನು ಮಾಡಿಸೋಣವೆಂದರೆ ನ್ಯೂಜೆರ್ಸಿಯಲ್ಲಿರುವ ನಮಗೆ ಮೊದಲು ಹೊಳೆಯುವುದು ಪ್ಲಾಸ್ಟರ್ ಆಫ್ ಪ್ಯಾರಿಸ್. ಅಗ್ಗ, ಅರ್ಧ ಗಂಟೆಯಲ್ಲಿ ಗಟ್ಟಿ. ಆದರೆ ನಾವು ಬಕೆಟ್ಟಿನಲ್ಲಿ ವಿಸರ್ಜನೆ ಮಾಡುವವರು. ಗಟ್ಟಿಯಾದ ಪ್ಲಾಸ್ಟರ್ ಒಂದು ಲೀಟರ್ ನೀರಿನಲ್ಲಿ ಕರಗುವುದು ಸುಮಾರು 2 ಗ್ರಾಂ ಮಾತ್ರ. 20 ಲೀಟರ್ ಬಕೆಟ್ಟಿನಲ್ಲಿ ಒಂದು ಕಿಲೋ ಗಣಪ ಹಾಗೆಯೇ ಕುಳಿತಿರುತ್ತಾನೆ! ಭಾರತದ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯೂ 2020ರ ಮಾರ್ಗಸೂಚಿಯಲ್ಲಿ ಇಂಥ ಮೂರ್ತಿಗಳು ಬೇಡವೆಂದಿದೆ.

ಆದ್ದರಿಂದ ಪ್ಲಾಸ್ಟರನ್ನು ಅಚ್ಚಿಗೆ ಬಳಸೋಣ. ಮಣ್ಣಿನಲ್ಲಿ ಒಂದು ಗಣಪನನ್ನು ಮಾಡಿ, ಡಬ್ಬದಲ್ಲಿ ಅಂಗಾತ ಮಲಗಿಸಿ, ಮೇಲೆ ಪ್ಲಾಸ್ಟರ್ ಸುರಿದರೆ ಅಚ್ಚು ಸಿದ್ಧ. ಕೆಲವು ದಿನ ಒಣಗಿದ ಅಚ್ಚು, ಒಳಗೆ ಒತ್ತಿದ ಮಣ್ಣಿನ ನೀರನ್ನು ಹೀರುತ್ತದೆ. ಮಣ್ಣು ತುಸು ಕುಗ್ಗಿ ತಾನಾಗಿಯೇ ಬಿಟ್ಟುಕೊಳ್ಳುತ್ತದೆ. ಸೊಂಡಿಲು ಹೊಟ್ಟೆಗೆ ಅಂಟಿಕೊಂಡಿರಲಿ, ನಡುವೆ ಸಂದಿಯಿದ್ದರೆ ಸಿಕ್ಕಿಕೊಂಡು ಮುರಿಯುತ್ತದೆ. (ದಂತ ಮುರಿದರೆ ಪುರಾಣವಿದೆ, ಸೊಂಡಿಲಿಗೆ ಇಲ್ಲ.)

ಪ್ಲಾಸ್ಟರ್ ಕಲಸುವುದು ಮಾತ್ರ ದೊಡ್ಡವರ ಕೆಲಸ. ಗಟ್ಟಿಯಾಗುವಾಗ ಅದು ಬಿಸಿಯೇರುತ್ತದೆ. 2007ರಲ್ಲಿ ಇಂಗ್ಲೆಂಡಿನ ಶಾಲೆಯೊಂದರಲ್ಲಿ ಕೈಯ ಅಚ್ಚು ತೆಗೆಯಲು ಅದರಲ್ಲಿ ಕೈಯಿಟ್ಟ 16 ವರ್ಷದ ಹುಡುಗಿ ಹೆಚ್ಚಿನ ಬೆರಳುಗಳನ್ನೇ ಕಳೆದುಕೊಂಡಳು.

ಇನ್ನು ಮಣ್ಣು. ಕ್ರಾಫ್ಟ್ ಅಂಗಡಿಯ ಪಾಲಿಮರ್ ಕ್ಲೇ ಎಂಬುದು ಪ್ಲಾಸ್ಟಿಕ್ಕೇ. ರೆಸಿನ್ ಕೂಡ ಕರಗದು, ಶೋಕೇಸಿಗೆ ಸರಿ. ಕುಂಬಾರಿಕೆಯ ಸಾಮಾನು ಮಾರುವಲ್ಲಿ ನೀರಿನಲ್ಲಿ ಕಲಸಿದ ಜೇಡಿಮಣ್ಣನ್ನೇ ಕೇಳಿ. ಮೂರ್ತಿಯನ್ನು ಸುಡದೆ ಪೂರ್ತಿ ಒಣಗಿಸಿ. ಅರೆಹಸಿ ಮಣ್ಣಿಗಿಂತ ಒಣಮಣ್ಣೇ ನೀರಿನಲ್ಲಿ ಬೇಗ ಕುಸಿಯುತ್ತದೆ. ಕೆಸರನ್ನು ಸಿಂಕಿಗೆ ಸುರಿಯದೆ ಹಿತ್ತಲಿನ ಗಿಡಗಳ ಬುಡಕ್ಕೆ ಹಾಕಿ.